ಮೌಸ್ ಕೆಳಗಿನ ಕೈಗಡಿಯಾರ

"ಇದು ಯಾರದ್ದು?"

ಅತ್ತಿಗೆ ಎರಡು ಬೆರಳಲ್ಲಿ ಮೌಸನ್ನು ಎತ್ತಿ ಹಿಡಿದಿದ್ದರು. ಅದರ ಕೆಳಗೆ ಮೇಜಿನ ಮೇಲೆ ಒಂದು ಕೈಗಡಿಯಾರ ಅಂಗಾತ ಬಿದ್ದಿತ್ತು. ಸೆಕೆಂಡ್ ಮುಳ್ಳು ತನ್ನ ಪಾಡಿಗೆ ತಾನು ಸುತ್ತುತ್ತಿತ್ತು.

ನೇತ್ರ ಭಂಡಾರದ ದಾಖಲೆ ಕೋಣೆಯಲ್ಲಿ ಮಧ್ಯಾಹ್ನದ ಎರಡು ಗಂಟೆ. ಎರಡು ಮೇಜು, ಎರಡು ಕಂಪ್ಯೂಟರು, ಐದು ಜನ. ಟೆಕ್ನಿಷಿಯನ್ ಗಂಟಲು ಸರಿಮಾಡಿಕೊಂಡ. ನಲವತ್ತು ದಾಟಿದರೂ ಮೈಗೆ ಮಾಂಸ ಹತ್ತದ ಮನುಷ್ಯ. ಎಲ್ಲರೂ 'ಕಡ್ಡಿ' ಎಂದೇ ಕರೆಯುತ್ತಾರೆ.

"ನಂದು ಮೇಡಂ."

"ಕೈಗೆ ಕಟ್ಕೊಳ್ಳೋದನ್ನ ಮೌಸ್‌ಗೆ ಹಾಸಿಗೆ ಮಾಡಿದ್ದೀರಲ್ಲ ಸ್ವಾಮಿ."

ಕಡ್ಡಿ, ಪಟ್ಟಿ ನೋಡಿಕೊಳ್ಳುವ ರಿಜಿಸ್ಟರ್ ಅಕ್ಕನ ಮುಖ ನೋಡಿದ. ಅಕ್ಕ ದೊಡ್ಡ ಡಾಕ್ಟರ ಮುಖ ನೋಡಿದರು. ಡಾಕ್ಟರು ಫ್ಯಾನು ನೋಡಿದರು.

ಮಂಗಳವಾರ ಯಾರೋ ಕಣ್ಣಿಗಾಗಿ ಕಾಯುವವರ ಪಟ್ಟಿಗೆ ಕೈಹಾಕಿ, ಒಂಬತ್ತನೆಯವರನ್ನು ಎರಡನೇ ಜಾಗಕ್ಕೆ ತಂದು ಕೂರಿಸಿದ್ದರು. ಕಂಪ್ಯೂಟರು ತೋರಿಸುತ್ತಿದ್ದ ಹೆಸರು ರಿಜಿಸ್ಟರ್ ಅಕ್ಕನದು. ಇವತ್ತು ಶುಕ್ರವಾರ, ನಾಲ್ಕು ಗಂಟೆಗೆ ಆಡಳಿತ ಮಂಡಳಿ ಕೂತು, ಇಪ್ಪತ್ತೆರಡು ವರ್ಷ ದುಡಿದ ಆ ಹೆಂಗಸನ್ನು ಮನೆಗೆ ಕಳಿಸಲಿತ್ತು. ಅಷ್ಟರೊಳಗೆ ಅತ್ತಿಗೆ ಬೇರೆ ಹೆಸರು ಬರೆದುಕೊಟ್ಟರೆ ಮಾತ್ರ ಅಕ್ಕ ಉಳಿದಾರು.

ನಾನು ಬೀಗದವನು. ಇಪ್ಪತ್ತಾರು ವರ್ಷದಿಂದ ಬೀಗ ಹಾಕುವುದು, ತೆಗೆಯುವುದು, ಕೀಲಿ ಕಳೆದುಕೊಂಡವರ ಬೈಗುಳ ತಿನ್ನುವುದು. ಅತ್ತಿಗೆಯದು ಕಂಪ್ಯೂಟರಿನೊಳಗಿನ ಬೀಗ. ಯಾರ ಮಾಹಿತಿ ಎಲ್ಲಿ ಸೋರಿತು, ಯಾರು ಒಳಗೆ ನುಗ್ಗಿದರು ಎಂದು ಹುಡುಕಿಕೊಡುವುದು ಅವರ ಉದ್ಯೋಗ. ಇಷ್ಟು ಬುದ್ಧಿವಂತೆಗೆ ಸ್ಕೂಟರ್ ಓಡಿಸಲು ಬರುವುದಿಲ್ಲ. ಹಾಗಾಗಿ ಮೈದುನನಾದ ನಾನು ಚಾಲಕ, ಚೀಲ ಹೊರುವವನು, ಮತ್ತು ಕೇಳದಿದ್ದರೂ ಅಭಿಪ್ರಾಯ ಹೇಳುವವನು.

"ದಾನ ಬಂದ ಕಣ್ಣು ಇಡೋ ಶುದ್ಧ ಕೋಣೆಗೆ ಹೋಗುವಾಗ ವಾಚು, ಉಂಗುರ ಬಿಚ್ಚಿಡಬೇಕು ಮೇಡಂ. ನಿಯಮ," ಎಂದ ಕಡ್ಡಿ. "ಈ ಕಂಪ್ಯೂಟರು ಐದು ನಿಮಿಷ ಮುಟ್ಟದೇ ಇದ್ರೆ ತಾನೇ ಮುಚ್ಕೊಳ್ಳುತ್ತೆ. ಅದೂ ನಿಯಮ. ಒಳಗಿಂದ ಬಂದು ಕೈಗವಸು ಬಿಚ್ಚಿ, ಪಾಸ್‌ವರ್ಡ್ ಹೊಡೆದು, ಮತ್ತೆ ಕೈ ತೊಳೆದು, ಮತ್ತೆ ಕೈಗವಸು ಹಾಕಿ... ದಿನಕ್ಕೆ ಇಪ್ಪತ್ತು ಸಲ. ಹೇಗೂ ಬಿಚ್ಚಿದ ವಾಚು. ಮೌಸ್ ಕೆಳಗಿಟ್ರೆ ಮುಳ್ಳು ಓಡಾಡ್ತಾ ಇರುತ್ತೆ. ಯಾರೋ ಅಲ್ಲಾಡಿಸ್ತಿದ್ದಾರೆ ಅಂದ್ಕೊಂಡು ಕಂಪ್ಯೂಟರು ಮುಚ್ಕೊಳ್ಳಲ್ಲ."

"ಪಾಸ್‌ವರ್ಡ್ ಬದಲು ಬೆರಳಚ್ಚಿನ ಯಂತ್ರ ಹಾಕಿಸಿದ್ರಂತೆ?"

"ಕೈಗವಸಿನ ಮೇಲೆ ಬೆರಳಚ್ಚು ಎಲ್ಲಿಂದ ಬರಬೇಕು?" ಎಂದರು ರಿಜಿಸ್ಟರ್ ಅಕ್ಕ. ಬೆಳಗಿನಿಂದ ಆಕೆ ಆಡಿದ ಮೊದಲ ಪೂರಾ ವಾಕ್ಯ ಅದು.

ಅತ್ತಿಗೆ ಗಟ್ಟಿಯಾಗಿ ನಕ್ಕುಬಿಟ್ಟರು. "ಇನ್ನೊಂದು ಕಚೇರೀಲೂ ನೋಡಿದ್ದೆ ಇದನ್ನ. ಎರಡು ನಿಯಮ ಜಗಳಕ್ಕೆ ಬಿದ್ರೆ ಜನ ಮೂರನೇ ದಾರಿ ಕಂಡ್ಕೊಳ್ತಾರೆ."

ನನಗೂ ನಗು ಬಂತು. ನಾನೂ ಎಷ್ಟು ಕಡೆ ಭರ್ಜರಿ ಬೀಗ ಹಾಕಿಕೊಟ್ಟಿದ್ದೇನೆ. ಒಂದು ವಾರ ಬಿಟ್ಟು ಹೋಗಿ ನೋಡಿದರೆ ಬಾಗಿಲಿಗೆ ಇಟ್ಟಿಗೆ ಅಡ್ಡ ಇಟ್ಟಿರುತ್ತಾರೆ. ಪದೇ ಪದೇ ತೆಗೆಯೋದು ಯಾರು ಎಂದು ನನ್ನನ್ನೇ ಕೇಳುತ್ತಾರೆ.

ದೊಡ್ಡ ಡಾಕ್ಟರಿಗೆ ನಗು ಬರಲಿಲ್ಲ. "ಅದೆಲ್ಲ ಸರಿ. ಆದ್ರೆ ಕಂಪ್ಯೂಟರು ಸುಳ್ಳು ಹೇಳುತ್ತಾ? ಇವರ ಹೆಸರಿದೆಯಲ್ಲ."

"ಸುಳ್ಳು ಹೇಳಿಲ್ಲ ಡಾಕ್ಟ್ರೇ. ಅಕ್ಕನ ಹೆಸರಲ್ಲಿ ಪಟ್ಟಿ ಬದಲಾಯ್ತು ಅಂದಿದೆ. ಅಕ್ಕ ಬದಲಾಯಿಸಿದ್ರು ಅಂತ ಎಲ್ಲಿ ಅಂದಿದೆ?" ಅತ್ತಿಗೆ ಕುರ್ಚಿ ಎಳೆದು ಕೂತರು. "ನಾನು ಎಲ್ಲಿಗೆ ಹೋದ್ರೂ ಮೂರೇ ಪ್ರಶ್ನೆ ಕೇಳೋದು. ಗುಟ್ಟಾಗಿ ಇರಬೇಕಾದ್ದು ಗುಟ್ಟಾಗಿ ಉಳಿದಿದೆಯಾ? ಇದ್ದದ್ದು ಇದ್ದ ಹಾಗೇ ಇದೆಯಾ, ಯಾರಾದ್ರೂ ತಿದ್ದಿದಾರಾ? ಬೇಕಾದವರಿಗೆ ಬೇಕಾದಾಗ ಸಿಗುತ್ತಾ? ಇಲ್ಲಿ ಕೆಟ್ಟಿದ್ದು ಎರಡನೇದು ಅಂತ ನೀವು ಕರೆಸಿದ್ರಿ. ನಂಗೆ ಮೊದಲನೇದರ ಮೇಲೆ ಅನುಮಾನ."

ಅತ್ತಿಗೆಯ ಪಾಠ ನನಗೆ ಬಾಯಿಪಾಠ. ಬಾಗಿಲ ಸಂದು ಬೇರೆ, ಸಂದಿನಲ್ಲಿ ಕೈಹಾಕುವವನು ಬೇರೆ. ಸಂದಿಗೆ ದೌರ್ಬಲ್ಯ ಎನ್ನುತ್ತಾರೆ, ಕೈಹಾಕುವವನಿಗೆ ಬೆದರಿಕೆ ಎನ್ನುತ್ತಾರೆ. ಎರಡೂ ಒಟ್ಟಿಗೆ ಸೇರಿದ ದಿನ ಮನೆ ಖಾಲಿ. ಕೈಗಡಿಯಾರದ ಉಪಾಯ ಬರೀ ಸಂದು. ಕೈ ಯಾರದು ಎನ್ನುವುದು ಇನ್ನೂ ಗೊತ್ತಾಗಿರಲಿಲ್ಲ.

ಅತ್ತಿಗೆ ರಿಜಿಸ್ಟರ್ ಅಕ್ಕನ ಕಂಪ್ಯೂಟರಿನ ಲಾಗ್ ತೆರೆದರು. ಲಾಗ್ ಎಂದರೆ ಕಂಪ್ಯೂಟರು ತನ್ನಷ್ಟಕ್ಕೆ ಬರೆದುಕೊಳ್ಳುವ ದಿನಚರಿ. ನಮ್ಮ ನಿಮ್ಮ ದಿನಚರಿಯ ಹಾಗೆ ಬೇಕಾದ್ದು ಬರೆದು ಬೇಡವಾದ್ದು ನುಂಗುವ ಅಭ್ಯಾಸ ಅದಕ್ಕಿಲ್ಲ.

"ಮಂಗಳವಾರ ಎಷ್ಟೊತ್ತಿಗೆ ಒಳಗೆ ಹೋದ್ರಿ ಅಕ್ಕ?"

"ಹತ್ತೂ ಐದಕ್ಕೆ. ಬಂದಿದ್ದು ಹನ್ನೊಂದಕ್ಕೆ. ಕಡ್ಡೀನೂ ನನ್ನ ಜೊತೆಗೇ ಇದ್ದ. ಬಾಗಿಲ ಪುಸ್ತಕದಲ್ಲಿ ಸಹಿ ಇದೆ."

"ಪುಸ್ತಕದಲ್ಲಿ ಯಾವಾಗ ಬೇಕಾದ್ರೂ ಬರೀಬಹುದು ಅಂತಾರೆ ಮಂಡಳಿಯವರು," ಎಂದರು ಡಾಕ್ಟರು, ಸ್ವಲ್ಪ ಮುಜುಗರದಿಂದ.

"ಬರೀಲಿ ಬಿಡಿ, ಇದು ಬೇರೆ ಕಥೆ ಹೇಳ್ತಿದೆ." ಅತ್ತಿಗೆ ಪರದೆಯ ಮೇಲೆ ಬೆರಳಿಟ್ಟು ಓದಿದರು. "ಹತ್ತೂ ಹತ್ತಕ್ಕೆ ಸ್ಕ್ರೀನ್ ತಾನಾಗಿ ಮುಚ್ಕೊಂಡಿದೆ. ಹತ್ತೂ ಮೂವತ್ತಕ್ಕೆ ಯಾರೋ ಪಾಸ್‌ವರ್ಡ್ ಹಾಕಿದಾರೆ, ತಪ್ಪು. ಮತ್ತೆ ತಪ್ಪು. ಮೂರನೇ ಸಲ ಸರಿ. ಹತ್ತೂ ನಲವತ್ತೊಂದಕ್ಕೆ ಪಟ್ಟಿ ಬದಲಾಗಿದೆ. ಆಮೇಲೆ ಮುಚ್ಕೊಂಡೇ ಇಲ್ಲ." ಅವರು ತಿರುಗಿದರು. "ಅಕ್ಕ, ಪಟ್ಟೀಲಿ ಒಂದು ನಂಬರು ಮೇಲಕ್ಕೆ ಸರಿಸೋಕೆ ನಿಮಗೆ ಎಷ್ಟು ಹೊತ್ತು ಬೇಕು?"

"ಅರ್ಧ ನಿಮಿಷ."

"ಇವರಿಗೆ ಹನ್ನೊಂದು ನಿಮಿಷ ಬೇಕಾಗಿದೆ. ಒಂದೊಂದೇ ಅಕ್ಷರ ಹುಡುಕಿ ಒಂದೇ ಬೆರಳಲ್ಲಿ ಒತ್ತೋರು. ಈ ಕುರ್ಚೀಲಿ ದಿನಾ ಕೂರೋರಲ್ಲ."

ಡಾಕ್ಟರು ಮೊದಲ ಬಾರಿಗೆ ಕುರ್ಚಿಯ ತುದಿಗೆ ಬಂದು ಕೂತರು.

"ಆದ್ರೆ ನಿಮ್ಮ ಮೌಸ್ ಕೆಳಗೂ ವಾಚ್ ಇಡ್ತಿದ್ರೆ ಸ್ಕ್ರೀನ್ ಮುಚ್ಕೊಳ್ಳಬಾರದಿತ್ತಲ್ಲ?" ಎಂದರು ಅತ್ತಿಗೆ.

ರಿಜಿಸ್ಟರ್ ಅಕ್ಕ ಎಡಗೈ ಮುಂದೆ ಚಾಚಿದರು. ಮಣಿಕಟ್ಟಿನಲ್ಲಿ ಸಣ್ಣ ಗಡಿಯಾರ. ಮುಳ್ಳುಗಳು ಏಳೂವರೆಗೆ ನಿಂತಿದ್ದವು.

"ಮೂರು ವಾರ ಆಯ್ತು ನಿಂತು. ಸೆಲ್ ಹಾಕಿಸೋಕೆ ಪುರಸೊತ್ತಿಲ್ಲ. ಅವತ್ತಿಂದ ನಾನು ಪ್ರತಿ ಸಲಾನೂ ಪಾಸ್‌ವರ್ಡ್ ಹಾಕ್ತಿದ್ದೀನಿ." ಆಕೆ ತಡೆದು ತಡೆದು ಹೇಳಿದರು. "ಮಂಗಳವಾರ ಹೊರಗೆ ಬಂದಾಗ ಸ್ಕ್ರೀನ್ ತೆರೆದೇ ಇತ್ತು. ಮೌಸ್ ಕೆಳಗೆ ಒಂದು ವಾಚಿತ್ತು. ಕಡ್ಡೀದು ಅಂದ್ಕೊಂಡೆ."

"ನಂದು ನನ್ನ ಮೌಸ್ ಕೆಳಗೇ ಇತ್ತಲ್ಲ ಅಕ್ಕ!"

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?" ಡಾಕ್ಟರ ದನಿ ಏರಿತು.

"ಹೇಳಿದ್ರೆ ವಾಚಿನ ಉಪಾಯ ಹೊರಗೆ ಬರ್ತಿತ್ತು. ನನ್ನ ಕೆಲಸ ಹೇಗೂ ಹೋಗುತ್ತೆ. ಇವನದ್ದೂ ಯಾಕೆ ಹೋಗಬೇಕು? ಇವನಿಗೆ ಮೂರು ಮಕ್ಕಳು."

ಕಡ್ಡಿ ತಲೆ ತಗ್ಗಿಸಿದ. ನನಗೆ ಆ ಹೆಂಗಸಿನ ಮೇಲೆ ಅಲ್ಲೇ ಗೌರವ ಹುಟ್ಟಿತು. ಇಂಥವರು ಬಿದ್ದರೆ ನೇತ್ರ ಭಂಡಾರಕ್ಕೇ ನಷ್ಟ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

"ಅಕ್ಷರ ಹುಡುಕೋವಾಗ ಸ್ಕ್ರೀನ್ ಮತ್ತೆ ಮುಚ್ಕೋಬಾರದು ಅಂತ ಬಂದವರೇ ಇಟ್ಟು ಮರೆತಿದ್ದಾರೆ," ಎಂದರು ಅತ್ತಿಗೆ. "ಆ ವಾಚು ಈಗೆಲ್ಲಿದೆ?"

"ತಟ್ಟೇಲಿ ಇಟ್ಟೆ. ಯಾರೂ ನಂದು ಅಂತ ಬರ್ಲಿಲ್ಲ. ಅಲ್ಲೇ ಇರಬೇಕು."

ಶುದ್ಧ ಕೋಣೆಯ ಬಾಗಿಲ ಪಕ್ಕದಲ್ಲಿ ಒಂದು ಮರದ ತಟ್ಟೆ. ಬಿಚ್ಚಿದ ಉಂಗುರ, ಗಡಿಯಾರ ಹಾಕಲು. ಅತ್ತಿಗೆ ಎದ್ದು ಹೋಗಿ, ನಮಗೆ ಬೆನ್ನು ಮಾಡಿ, ಅದರ ಮುಂದೆ ನಿಂತರು. ನಿಂತೇ ಇದ್ದರು. ಒಂದು ಗಡಿಯಾರ ನೋಡಲು ಅಷ್ಟು ಹೊತ್ತು ಬೇಕಿಲ್ಲ.

ವಾಪಸು ಬಂದಾಗ ಬಲಗೈ ಮುಷ್ಟಿ ಕಟ್ಟಿತ್ತು. ಮುಷ್ಟಿಯಲ್ಲಿದ್ದದ್ದನ್ನು ಯಾರಿಗೂ ತೋರಿಸದೆ ಕೈಚೀಲಕ್ಕೆ ಹಾಕಿದರು. ಅಲ್ಲಿಂದ ಮುಂದೆ ಅವರು ಒಂದೂ ತಮಾಷೆ ಮಾಡಲಿಲ್ಲ.

"ಡಾಕ್ಟ್ರೇ, ಮೇಲಕ್ಕೆ ಬಂದವರ ನಂಬರು ಹೇಳಿ. ಹೆಸರು ಬೇಡ."

ಇದಕ್ಕೊಂದು ಹಿನ್ನೆಲೆಯಿದೆ. ನನ್ನ ಅಮ್ಮನೂ ಇದೇ ಪಟ್ಟಿಯಲ್ಲಿದ್ದಾಳೆ. ಎರಡು ವರ್ಷದಿಂದ ಅವಳ ಕಣ್ಣಿನ ಮುಂದಿನ ಪಾರದರ್ಶಕ ಪದರ ಮಂಜಾಗಿ, ನನ್ನನ್ನೂ ಅಣ್ಣನನ್ನೂ ಕೆಮ್ಮಿನಿಂದ ಗುರುತಿಸುತ್ತಾಳೆ. ಅತ್ತಿಗೆ ಈ ಕೆಲಸ ಒಪ್ಪುವ ಮುನ್ನವೇ ಡಾಕ್ಟರಿಗೆ ಹೇಳಿದ್ದರು: "ನಮ್ಮತ್ತೆ ನಿಮ್ಮ ಪಟ್ಟೀಲಿದ್ದಾರೆ. ಅವರ ನಂಬರು ನಂಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ." ಅಮ್ಮನ ಕಾರ್ಡು ಇರುವುದು ನನ್ನ ಹತ್ತಿರ. ಕಳೆದ ವಾರ ತಪಾಸಣೆಗೆ ಕರೆದುಕೊಂಡು ಹೋದವನು ನಾನೇ.

"ನಾಲ್ಕುನೂರ ಹದಿನೇಳು," ಎಂದರು ಡಾಕ್ಟರು.

ಅಂಗಿಯ ಜೇಬಿನಲ್ಲಿದ್ದ ಕಾರ್ಡು ಇದ್ದಕ್ಕಿದ್ದಂತೆ ಭಾರವಾಯಿತು. ತೆಗೆದು ನೋಡುವ ಅಗತ್ಯವೇ ಇರಲಿಲ್ಲ. ಆ ನಂಬರನ್ನು ಆಸ್ಪತ್ರೆಯ ಕಿಟಕಿಯಲ್ಲಿ ಇಪ್ಪತ್ತು ಸಲ ಹೇಳಿದ ಬಾಯಿ ಇದು.

ಕಾರ್ಡನ್ನು ಜೇಬಿನ ಇನ್ನೂ ಒಳಕ್ಕೆ ತಳ್ಳಿದೆ.

ಅತ್ತಿಗೆ ನನ್ನನ್ನೇ ನೋಡುತ್ತಿದ್ದರು. ಆಮೇಲೆ ದೃಷ್ಟಿ ಬೇರೆಡೆ ತಿರುಗಿಸಿದರು. "ಯಾರ ಜಾಗಕ್ಕೆ ಬಂದಿದ್ದು?"

"ಒಬ್ಬ ಟೈಲರಮ್ಮ. ಹದಿನಾಲ್ಕು ತಿಂಗಳಿಂದ ಕಾಯ್ತಿದ್ದಾಳೆ, ಹೊಲಿಗೆ ನಿಂತು ಹೋಗಿದೆ. ಸೋಮವಾರ ನೀವು ಎರಡನೆಯವರು ಅಂತ ಹೇಳಿದ್ವಿ. ನಿನ್ನೆ ಅವಳೇ ಫೋನ್ ಮಾಡಿ ಕೇಳಿದ್ರೆ ಮೂರನೆಯವಳಾಗಿದಾಳೆ. ಒಬ್ಬರು ದಾನ ಮಾಡಿದ್ರೆ ಎರಡು ಕಣ್ಣು ಬರುತ್ತೆ ಮೇಡಂ. ಮೊದಲ ಇಬ್ಬರಿಗೆ. ಮೂರನೆಯವರು ಮತ್ತೆ ಕಾಯಬೇಕು. ಅವಳು ಕೇಳದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ."

ಕುರುಡಾಗುತ್ತಿರುವ ಒಬ್ಬ ಹೆಂಗಸಿನ ಸರದಿಯಲ್ಲಿ ಕುರುಡಾಗುತ್ತಿರುವ ನನ್ನ ಅಮ್ಮ ಕೂತಿದ್ದಳು. ಅಮ್ಮನಿಗೆ ಅದು ಗೊತ್ತೂ ಇರಲಿಲ್ಲ.

"ಪಾಸ್‌ವರ್ಡ್ ನಿಮಗೆ ಬಿಟ್ಟು ಇನ್ಯಾರಿಗೆ ಗೊತ್ತು ಅಕ್ಕ?" ಅತ್ತಿಗೆ ಮೆಲ್ಲಗೆ ಕೇಳಿದರು.

"ಯಾರಿಗೂ ಇಲ್ಲ."

"ಎಲ್ಲಾದ್ರೂ ಬರೆದಿಟ್ಟಿದ್ದೀರಾ?"

ರಿಜಿಸ್ಟರ್ ಅಕ್ಕನ ಮುಖ ಹುಳ್ಳಗಾಯಿತು. "ತಿಂಗಳಿಗೊಂದು ಸಲ ಬದಲಾಯಿಸ್ಲೇಬೇಕು ಅಂತಾರೆ. ನಾನು ರಜೆ ಹಾಕಿದ ದಿನ ಕಣ್ಣು ಬಂದ್ರೆ? ಪಟ್ಟಿ ತೆಗೆಯೋರಿಲ್ಲದೆ ಕೂರೋಕಾಗುತ್ತಾ? ಅದಕ್ಕೇ ಒಂದು ಚೀಟಿ... ಡ್ರಾಯರಲ್ಲಿ. ಬೀಗ ಹಾಕಿರ್ತೀನಿ. ಒಳ್ಳೇ ಬೀಗ. ಇವರೇ ಹಾಕಿಕೊಟ್ಟಿದ್ದು."

ಆಕೆಯ ಬೆರಳು ನನ್ನತ್ತ ತಿರುಗಿತು. ಎಲ್ಲರ ಮುಖವೂ ತಿರುಗಿತು.

"ನೋಡು," ಎಂದರು ಅತ್ತಿಗೆ.

ನಾನು ಮಂಡಿಯೂರಿ ಕೂತೆ. ಎರಡು ತಿಂಗಳ ಹಿಂದೆ ನಾನೇ ಕೂರಿಸಿದ ಬೀಗ. ಬಾಯಿಯ ಸುತ್ತ ಒಂದು ಗೀರು ಇಲ್ಲ. ಒಳಗಿನ ನಾಲಿಗೆ ಸಲೀಸಾಗಿ ಆಡಿತು. ತಂತಿ ತೂರಿಸಿದರೆ ಹಿತ್ತಾಳೆಯ ಮೇಲೆ ಗುರುತು ಉಳಿಯುತ್ತದೆ. ಇಲ್ಲಿ ಏನೂ ಇರಲಿಲ್ಲ.

"ಯಾರೂ ಒಡೆದಿಲ್ಲ. ಕೀಲಿ ಹಾಕಿ ತೆಗೆದಿದ್ದಾರೆ."

"ಕೀಲಿ ಎಷ್ಟು?"

"ಎರಡು. ಒಂದು ಅಕ್ಕನ ಗೊಂಚಲಲ್ಲಿ."

"ಇನ್ನೊಂದು?"

"ಇನ್ನೊಂದು ಇವರ ಹತ್ರಾನೇ ಇರಲಿ ಅಂತ ನಾನೇ ಕೊಟ್ಟಿದ್ದು," ಎಂದರು ರಿಜಿಸ್ಟರ್ ಅಕ್ಕ, ನನ್ನ ಪರವಾಗಿ. ಕೆಲಸ ಕಳೆದುಕೊಳ್ಳುವ ಹೊತ್ತಿನಲ್ಲೂ ಆಕೆ ನನ್ನನ್ನು ಕಾಪಾಡಲು ನೋಡುತ್ತಿದ್ದರು. "ಎರಡೂ ಒಂದೇ ಕಡೆ ಇದ್ರೆ ಪ್ರಯೋಜನ ಏನು ಅಂತ."

"ಅಂಗಡಿ ಗೋಡೆ ಮೇಲೆ ತೂಗುಹಾಕಿದ್ದೀನಿ," ಎಂದೆ. "ಚೀಟಿ ಕಟ್ಟಿ."

"ಚೀಟೀಲಿ ಏನು ಬರೆದಿದೆ?"

"ನೇತ್ರ ಭಂಡಾರ, ಅಕ್ಕನ ಡ್ರಾಯರ್."

ಇಪ್ಪತ್ತಾರು ವರ್ಷ ಊರಿಗೆಲ್ಲ ಬೀಗದ ಬುದ್ಧಿ ಹೇಳಿದವನು ನಾನು. ಆ ಐದು ಸೆಕೆಂಡು ನೆಲ ಬಾಯಿ ಬಿಡಬಾರದೇ ಎನಿಸಿತು.

ಅತ್ತಿಗೆ ಬೈಯಲಿಲ್ಲ. "ಗೇಟಿನ ಪುಸ್ತಕ ತರಿಸಿ," ಎಂದರಷ್ಟೆ.

ಗೇಟಿನ ತಾತ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಂದರು. ಹೊರಗಿನಿಂದ ಬರುವ ಪ್ರತಿಯೊಬ್ಬರ ಹೆಸರು ಬರೆಯುವುದು ಅವರ ಕೆಲಸ. ಅದರಲ್ಲಿ ಅವರಿಗೆ ಹೆಮ್ಮೆ. ನನ್ನನ್ನು ನೋಡಿ ಹಲ್ಲುಬಿಟ್ಟು ನಕ್ಕರು. "ಓ, ಬೀಗದವರು. ಆ ಬೀಗ ಸರಿ ಹೋಯ್ತಾ ಸಾರ್?"

"ಯಾವ ಬೀಗ ತಾತ?"

"ಮಂಗಳವಾರ ಬಂದಿದ್ರಲ್ಲ, ನೋಡ್ಕೊಂಡು ಹೋಗೋಕೆ." ಅವರು ಪುಟ ತೆಗೆದು ತೋರಿಸಿದರು. ಹತ್ತೂ ಇಪ್ಪತ್ತೆರಡು. ಬೀಗದವರು. ಬೀಗ ನೋಡಲು.

"ಮಂಗಳವಾರ ನಾನು ಈ ಕಡೆ ತಲೆಯೇ ಹಾಕಿಲ್ಲ. ಊರಾಚೆ ಹಾಸ್ಟೆಲ್ಲಿಗೆ ನಲವತ್ತು ಬೀಗ ಹಾಕ್ತಿದ್ದೆ, ಬೆಳಗಿಂದ ಸಂಜೆ ತನಕ!"

"ಮುಖ ನೋಡಿದ್ರಾ ತಾತ?" ಅತ್ತಿಗೆ ಕೇಳಿದರು.

"ಹೆಲ್ಮೆಟ್ ಇತ್ತಮ್ಮ. ಬೀಗದವನು ಅಂದ್ರು. ಕೈಲಿ ಬೀಗದ ಪೆಟ್ಟಿಗೆ, ಅದೇ ಹಸಿರು ಬಣ್ಣದ್ದು. ಮತ್ತೇನು ಕೇಳೋದು?"

"ನಾನು ಇಂಥವನು ಅನ್ನೋದು ಒಂದು. ಅದನ್ನ ತೋರಿಸಿಕೊಡೋದು ಇನ್ನೊಂದು," ಎಂದರು ಅತ್ತಿಗೆ, ತಾತನಿಗಲ್ಲ, ತಮಗೇ ಎಂಬಂತೆ. "ಎರಡನೇದನ್ನ ಯಾರೂ ಕೇಳ್ಲಿಲ್ಲ."

ಡಾಕ್ಟರು ನನ್ನನ್ನು ನೋಡುವ ರೀತಿ ಬದಲಾಗಿತ್ತು. ಅದು ನನಗೆ ಅರ್ಥವಾಯಿತು. ಕೀಲಿ ನನ್ನದು, ಪೆಟ್ಟಿಗೆ ನನ್ನದು, ಪುಸ್ತಕದಲ್ಲಿ ನನ್ನ ಕಸುಬು. ಜೇಬಿನಲ್ಲಿರುವ ಕಾರ್ಡಿನ ವಿಷಯ ಅವರಿಗೆ ಇನ್ನೂ ಗೊತ್ತಿರಲಿಲ್ಲ.

"ಹತ್ತು ನಿಮಿಷ ನಮ್ಮಿಬ್ಬರನ್ನೇ ಬಿಡ್ತೀರಾ?" ಎಂದರು ಅತ್ತಿಗೆ. "ನಾಲ್ಕಕ್ಕೆ ಮೊದಲು ವರದಿ ಕೊಡ್ತೀನಿ."

ಎಲ್ಲರೂ ಹೊರಗೆ ಹೋದರು. ರಿಜಿಸ್ಟರ್ ಅಕ್ಕ ಕೊನೆಯಲ್ಲಿ ಹೋದವರು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು. ಗೋಡೆಯ ಗಡಿಯಾರ ಮೂರೂ ಮೂವತ್ತೆಂಟು ತೋರಿಸುತ್ತಿತ್ತು.

ನಾನು ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ.

"ನಾಲ್ಕುನೂರ ಹದಿನೇಳು ಅಮ್ಮ, ಅತ್ತಿಗೆ. ಆಗಲೇ ಹೇಳಬೇಕಿತ್ತು. ಬಾಯಿ ಬರ್ಲಿಲ್ಲ."

"ಗೊತ್ತಾಯ್ತು. ನಂಬರು ಕೇಳಿದ್ದೇ ನಿನ್ನ ಮುಖ ನೋಡೋಕೆ. ಯಾವಾಗ ಹೇಳ್ತಾನೆ ಅಂತ ಕಾಯ್ತಿದ್ದೆ."

"ನಾನು ಮಾಡಿಲ್ಲ."

"ನೀನು ಮಾಡಿಲ್ಲ ಅಂತಾನೂ ಗೊತ್ತು ಕಣೋ." ಆ ದನಿಯಲ್ಲಿ ಸಮಾಧಾನವೇ ಇರಲಿಲ್ಲ. "ಮಂಗಳವಾರ ನೀನು ಯಾವ ಗಾಡೀಲಿ ಹೋಗಿದ್ದೆ?"

"ಹಾಸ್ಟೆಲ್ಲಿನವರೇ ವ್ಯಾನ್ ಕಳಿಸಿದ್ರು. ಹಸಿರು ಬಣ್ಣದ ಹಳೇ ಪೆಟ್ಟಿಗೆ, ಸ್ಕೂಟರು ಅಂಗಡೀಲೇ ಇತ್ತು."

"ಅಂಗಡಿ ಯಾರು ನೋಡ್ಕೊಂಡ್ರು?"

ಪ್ರಶ್ನೆ ಕೇಳುವ ಮೊದಲೇ ಅವರಿಗೆ ಉತ್ತರ ಗೊತ್ತಿತ್ತು. ನನ್ನ ಅಂಗಡಿಗೂ ಪಕ್ಕದ ಬಡಗಿ ಅಂಗಡಿಗೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲೊಂದು ಬಾಗಿಲು. ನಾನಿಲ್ಲದಾಗ ನನ್ನ ಗಿರಾಕಿಗಳನ್ನು ನೋಡಿಕೊಳ್ಳುವುದು ಬಡಗಿ. ಬಡಗಿ ನನ್ನ ಅಣ್ಣ.

"ಅಣ್ಣ," ಎಂದೆ.

ಅತ್ತಿಗೆ ಕೈಚೀಲದಿಂದ ಗಡಿಯಾರ ತೆಗೆದು ಕಾರ್ಡಿನ ಪಕ್ಕ ಇಟ್ಟರು. ಕಪ್ಪು ಪಟ್ಟಿ. ಪಟ್ಟಿಯಲ್ಲಿ ಕಂಪನಿಯವರು ಮಾಡಿದ ತೂತುಗಳಾಚೆ ಒಂದು ಓರೆ ತೂತು. ಅಣ್ಣನ ಮಣಿಕಟ್ಟು ದಪ್ಪ. ಪಟ್ಟಿ ಸಾಲದೆ ಬಂದಾಗ ನನ್ನ ದಬ್ಬಳದಲ್ಲಿ ನಾನೇ ಚುಚ್ಚಿಕೊಟ್ಟಿದ್ದೆ. ಕೈ ಜಾರಿ ಓರೆಯಾಗಿತ್ತು. ಅಣ್ಣ ಆಗ ನಕ್ಕಿದ್ದ.

"ಮದುವೆ ದಿನ ನಾನು ಕೊಟ್ಟಿದ್ದು," ಎಂದರು ಅತ್ತಿಗೆ. "ಮಂಗಳವಾರ ಸಂಜೆ ವಾಚೆಲ್ಲಿ ಅಂತ ಕೇಳಿದೆ. ಮುಳ್ಳು ನಿಧಾನ ಆಗಿದೆ, ರಿಪೇರಿಗೆ ಕೊಟ್ಟಿದ್ದೀನಿ ಅಂದ್ರು."

"ಅಣ್ಣನಿಗೆ ಕಂಪ್ಯೂಟರ್ ಅಂದ್ರೇನೇ ಆಗಲ್ಲ ಅತ್ತಿಗೆ. ಮೌಸ್ ಕೆಳಗೆ ವಾಚಿಡಬೇಕು ಅಂತ ಅವನಿಗೆ ಹೇಗೆ ಗೊತ್ತು? ಇಲ್ಲಿಯವರು ಯಾರೋ ಹೇಳಿಕೊಟ್ಟಿರ್ಬೇಕು. ಚೀಟಿ ಡ್ರಾಯರಲ್ಲಿದೆ ಅನ್ನೋದಾದ್ರೂ..."

ಅಲ್ಲಿಗೆ ನಾನೇ ನಿಂತೆ.

ಎರಡು ತಿಂಗಳ ಹಿಂದಿನ ಭಾನುವಾರದ ಮಧ್ಯಾಹ್ನ. ನಾಲ್ವರೂ ಊಟಕ್ಕೆ ಕೂತಿದ್ದೆವು. ನಾನು ಅಂದಿದ್ದೆ: ನೇತ್ರ ಭಂಡಾರದಲ್ಲಿ ಒಬ್ಬ ಅಕ್ಕ ಇದ್ದಾರೆ, ಇಷ್ಟು ಗಟ್ಟಿ ಬೀಗ ಹಾಕಿಸಿಕೊಂಡರು, ಒಳಗಿಡೋದು ಏನು ಗೊತ್ತಾ, ಪಾಸ್‌ವರ್ಡ್ ಚೀಟಿ! ಎಲ್ಲರೂ ನಕ್ಕಿದ್ದೆವು. ಅದಕ್ಕೆ ಅತ್ತಿಗೆ, ಅದೇನು ಮಹಾ, ನಾನು ಒಂದು ಕಚೇರಿಯಲ್ಲಿ ನೋಡಿದೆ, ಎಂದು ಮೌಸ್ ಕೆಳಗಿನ ಗಡಿಯಾರದ ಕಥೆ ಹೇಳಿದ್ದರು. ಅಮ್ಮ ನಕ್ಕು ನಕ್ಕು ಕೆಮ್ಮಿದ್ದಳು. ಅಣ್ಣ ಅವಳ ಬೆನ್ನು ಸವರುತ್ತ, ಅವಳ ಕೈಗೆ ನೀರಿನ ಲೋಟ ಹಿಡಿಸಿದ್ದ. ಲೋಟ ಎಲ್ಲಿದೆ ಎಂದು ಅಮ್ಮ ಎರಡು ಸಲ ತಡಕಾಡಿದ್ದಳು. ಅಣ್ಣ ನಗಲಿಲ್ಲ. ಅದು ಈಗ ನೆನಪಾಯಿತು.

ಆಮೇಲೆ ಅವನು ಕೇಳಿದ್ದೂ ನೆನಪಾಯಿತು. "ಅಲ್ಲಾ, ಹೇಗೆ ಇಡ್ತಾರೆ? ಮೇಲ್ಮುಖಾನಾ, ಕೆಳಮುಖಾನಾ?"

"ಗುಟ್ಟು ಇಲ್ಲಿ ಒಡೆದಿಲ್ಲ," ಎಂದರು ಅತ್ತಿಗೆ. "ನಮ್ಮನೇಲಿ ಒಡೀತು. ಅರ್ಧ ನೀನು ಹೇಳಿದೆ, ಅರ್ಧ ನಾನು. ಊರಿಗೆಲ್ಲ ನಾಲಿಗೆ ಬಿಗಿಹಿಡೀರಿ ಅಂತ ಪಾಠ ಮಾಡೋಳು, ನಗಿಸೋಕೆ ಅಂತ ಹೇಳಿದೆ."

ಅವರ ಕಣ್ಣಲ್ಲಿ ನೀರು ತುಂಬಿತ್ತು. ಹತ್ತೊಂಬತ್ತು ವರ್ಷದಲ್ಲಿ ಅತ್ತಿಗೆ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅಣ್ಣನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿ ಹೆದರಿಕೆಯಾಯಿತು.

"ಯಾರಾದ್ರೂ ಕದ್ದಿರಬಹುದು ಅತ್ತಿಗೆ," ಎಂದೆ. ನನ್ನ ಮಾತು ನನಗೇ ಪೊಳ್ಳಾಗಿ ಕೇಳಿತು. "ರಿಪೇರಿ ಅಂಗಡಿಯಿಂದ. ಅಣ್ಣ ನಿಜ ಹೇಳ್ತಿರಬಹುದಲ್ಲ."

ಅತ್ತಿಗೆ ಕಣ್ಣೊರೆಸಿಕೊಂಡು ಫೋನ್ ತೆಗೆದರು. "ಅದನ್ನ ಅವರೇ ಹೇಳ್ಲಿ. ಕೇಳದೇ ಹೆಸರು ಬರೆಯಲ್ಲ ನಾನು."

ನನಗೂ ಕೇಳುವಂತೆ ಸ್ಪೀಕರ್ ಹಾಕಿ ಫೋನನ್ನು ಗಡಿಯಾರದ ಪಕ್ಕ ಇಟ್ಟರು. ಮೂರನೇ ರಿಂಗಿಗೆ ಅಣ್ಣ ಎತ್ತಿದ. ಹಿನ್ನೆಲೆಯಲ್ಲಿ ಮರಕ್ಕೆ ಉಜ್ಜುಗೊರಡು ಹೊಡೆಯುವ ಸದ್ದು ನಿಂತಿತು.

"ರೀ, ನಿಮ್ಮ ವಾಚು ರಿಪೇರಿ ಆಗಿ ಬಂತಾ?"

"ಓ, ನಿನ್ನೇನೇ ಬಂತಲ್ಲ. ಕೈಗೇ ಕಟ್ಕೊಂಡಿದ್ದೀನಿ." ದನಿ ಎಂದಿನಂತೆ ಬೆಚ್ಚಗಿತ್ತು. "ಯಾಕೆ ಕೇಳ್ತಿದ್ದೀಯ?"

"ಟೈಮ್ ಎಷ್ಟು ಅಂತ ಕೇಳೋಣ ಅಂತ."

ಆ ಕಡೆ ಉಜ್ಜುಗೊರಡನ್ನು ಕೆಳಗಿಟ್ಟ ಸದ್ದಾಯಿತು.

"ನಾಲ್ಕಕ್ಕೆ ಹತ್ತು ನಿಮಿಷ ಇದೆ ಕಣೇ."

ಮೇಜಿನ ಮೇಲಿದ್ದ ಗಡಿಯಾರವೂ ಅಷ್ಟೇ ಹೇಳುತ್ತಿತ್ತು. ಮುಳ್ಳು ಒಂದಿಷ್ಟೂ ನಿಧಾನವಾಗಿರಲಿಲ್ಲ.

ಅತ್ತಿಗೆ ಫೋನ್ ಇಟ್ಟರು. ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು. ತೆರೆದ ಸಂದಿನಲ್ಲಿ ರಿಜಿಸ್ಟರ್ ಅಕ್ಕನ ಮುಖ ಕಂಡಿತು.

"ಮಂಡಳಿಯವರು ಬಂದಿದ್ದಾರೆ ಮೇಡಂ," ಎಂದರು ಆಕೆ. "ಹೆಸರು ಬರೆದ್ರಾ ಅಂತ ಕೇಳ್ತಿದ್ದಾರೆ."

ಅತ್ತಿಗೆ ಪೆನ್ನಿನ ಮುಚ್ಚಳ ತೆಗೆದರು.